ಮನೆಯಲ್ಲಿ ಡ್ರಾಫ್ಟ್ ಬಿಯರಿನ ನಲ್ಲಿ ಕೂರಿಸಿದ್ದೇನೆ, ಲೋಟದ ತುಂಬ ನೊರೆಯೇ ಬರ್ತಿದೆ

ಸಪ್ತಾಪುರದ ಹುಡುಗ

ಎಲ್ಲರಿಗೂ ನಮಸ್ಕಾರ್ರೀ. ಊರು ಧಾರವಾಡ. ನಮ್ಮ ಅಣ್ಣ ಹತ್ತು ವರ್ಷ ಅಮೆರಿಕದಲ್ಲಿದ್ದು ಹೋದ ದೀಪಾವಳಿಗೆ ವಾಪಸ್ ಬಂದ. ಬರುವಾಗ ಸಾಮಾನಿನ ಜೊತೆ ಎರಡು ಸ್ಟೀಲ್ ಕೆಗ್, ಒಂದು ಕಾರ್ಬನ್ ಡೈಆಕ್ಸೈಡ್ ಗ್ಯಾಸಿನ ರೆಗ್ಯುಲೇಟರ್, ಎರಡು ನಲ್ಲಿ ಹೊತ್ತು ತಂದಿದ್ದಾನೆ. ಕೆಗ್ ಒಂದೊಂದು 19 ಲೀಟರಿನವು. ನೋಡಿದರೆ ಸಪೂರ ಹಾಲಿನ ಕ್ಯಾನ್. ಅಲ್ಲಿ ಮನೆಯಲ್ಲೇ ಬಿಯರ್ ಮಾಡಿ ಇದರಲ್ಲಿ ತುಂಬಿ ಕುಡಿಯುತ್ತಿದ್ದನಂತೆ. ಇಲ್ಲಿ ಬಂದ ಮೇಲೆ ಅವನಿಗೆ ಪುರುಸೊತ್ತಿಲ್ಲ. ಗಂಟು ನನ್ನ ಕೊರಳಿಗೆ ಬಿತ್ತು.

ಮುಚ್ಚಿಹೋದ ಐಸ್‌ಕ್ರೀಮ್ ಅಂಗಡಿಯಿಂದ ಹಳೆಯ ಡೀಪ್ ಫ್ರೀಜರ್ ತಂದೆ, ಮೇಲಿಂದ ಮುಚ್ಚಳ ಎತ್ತುವಂಥದ್ದು. ಎರಡೂ ಕೆಗ್ ಒಳಗೆ ಕೂತವು. ಮುಚ್ಚಳಕ್ಕೂ ಡಬ್ಬಿಗೂ ನಡುವೆ ಬಡಿಗೇರರ ಕೈಯಲ್ಲಿ ಕಟ್ಟಿಗೆಯ ಚೌಕಟ್ಟು ಮಾಡಿಸಿ, ಅದಕ್ಕೆ ತೂತು ಹೊಡೆದು ನಲ್ಲಿ ಕೂರಿಸಿದೆ. ಫ್ರೀಜರಿನ ಗೋಡೆಗೆ ಡ್ರಿಲ್ ಹಚ್ಚಬೇಡ, ಒಳಗೆ ಪೈಪು ಓಡಾಡಿರುತ್ತವೆ ಅಂತ ಅಣ್ಣ ಮೊದಲೇ ಹೇಳಿದ್ದ.

ಮೊನ್ನೆ ಪರೀಕ್ಷೆ ಮಾಡಿದೆ. ಆರು ದೊಡ್ಡ ಬಾಟಲಿ ಬಿಯರ್ ತಂದು ಕೆಗ್ಗಿಗೆ ಸುರಿದೆ. ಒತ್ತಡ 30 ಪಿಎಸ್‌ಐಗೆ ಇಟ್ಟು ಗ್ಯಾಸ್ ಬಿಟ್ಟೆ. ನಲ್ಲಿ ಎಳೆದರೆ ಲೋಟದ ತುಂಬ ನೊರೆ, ಶೇವಿಂಗ್ ಕ್ರೀಮ್ ಥರ. ಐದು ನಿಮಿಷ ಕಾದ ಮೇಲೆ ತಳದಲ್ಲಿ ಎರಡು ಬೆರಳು ಬಿಯರ್, ಅದೂ ಸಪ್ಪೆ. ಬೆಳಗ್ಗೆ ಎದ್ದು ನೋಡಿದರೆ 2 ಕೆಜಿ ಸಿಲಿಂಡರ್ ಪೂರ್ತಿ ಖಾಲಿ.

ನೊರೆ ಯಾಕೆ? ಗ್ಯಾಸ್ ಎಲ್ಲಿ ಹೋಯಿತು? ಇಲ್ಲಿ ಹುಬ್ಬಳ್ಳಿ-ಧಾರವಾಡದಲ್ಲಿ ಕೆಗ್ ಬಿಯರ್ ಮನೆಗೆ ಸಿಗುತ್ತಾ?

ಬ್ಯಾಡಗಿ ಖಾರ

ಅಣ್ಣ, ಆರು ಬಾಟಲಿಯನ್ನ ಬಾಟಲಿಯಿಂದಲೇ ಕುಡಿದಿದ್ದರೆ ಈ ಹೊತ್ತಿಗೆ ಆರಾಮ ನಿದ್ದೆ ಮಾಡ್ತಿದ್ದಿರಿ.

ಗ್ಯಾಸಿಗೆ ಅಷ್ಟು ಯಾಕೆ ಒದ್ದಾಡ್ತೀರಿ? ಆಫೀಸಿನಲ್ಲಿ ಬೆಂಕಿ ಆರಿಸೋ ಕೆಂಪು ಸಿಲಿಂಡರ್ ಇರುತ್ತದಲ್ಲ, ಕೆಲವದರಲ್ಲಿ ಇದೇ ಗ್ಯಾಸು. ಹಳೆಯದು ಸಿಕ್ಕರೆ ಅದನ್ನೇ ಹಚ್ಚಿ.

ಗದಗ ಗಾಳಿ

ನಾನು ಗದಗಿನವ. ಊರಿಗೆ ಮರಳುವ ಮುಂಚೆ ಎಂಟು ವರ್ಷ ಬೆಂಗಳೂರಿನ ಬಾರುಗಳಲ್ಲಿ ನಲ್ಲಿ ಹಿಂದೆ ನಿಂತವ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡ್ಕೋಬೇಡಿ.

ಮೊದಲು ಬಾಟಲಿ ಬಿಯರ್ ಸುರಿದ ವಿಷಯ. ಯಪ್ಪಾ! ಸುರಿಯುವಾಗ ಇದ್ದ ಗ್ಯಾಸೆಲ್ಲ ಹೋಯಿತು, ಅದರ ಜಾಗದಲ್ಲಿ ಗಾಳಿ ಹೊಕ್ಕಿತು. ಬಿಯರಿಗೆ ಗಾಳಿ ಅಂದರೆ ವೈರಿ. ನಾಲ್ಕು ದಿನ ಇಟ್ಟು ರುಚಿ ನೋಡಿ, ನೆನೆದ ರಟ್ಟಿನ ವಾಸನೆ ಹೊಡೆಯುತ್ತದೆ. ಕೆಗ್ಗಿಗೆ ಏನೇ ತುಂಬಿದರೂ ಮುಚ್ಚಳ ಹಾಕಿ ಗ್ಯಾಸ್ ಬಿಟ್ಟು, ಮೇಲಿನ ಉಂಗುರ ಎಳೆದು ನಾಲ್ಕೈದು ಸಲ ಉಸಿರು ಬಿಡಿಸಬೇಕು. ಒಳಗಿನ ಗಾಳಿ ಹೋಗಲಿ ಅಂತ.

ಈಗ ನೊರೆ. ಹೊಸಬರು ನೊರೆ ಕಂಡ ಕೂಡಲೇ ಗ್ಯಾಸಿನ ತಿರುಪಿಗೆ ಕೈ ಹಾಕುತ್ತಾರೆ. ಬಾರಿನಲ್ಲಿ ನಮ್ಮ ಹಿರಿಯ ಮೇಸ್ತ್ರಿ ಮೊದಲು ಕೇಳುತ್ತಿದ್ದದ್ದು ಒಂದೇ, 'ಥರ್ಮಾಮೀಟರ್ ಎಲ್ಲಿ?' ಬಿಯರ್ 3 ರಿಂದ 4 ಡಿಗ್ರಿ ಇರಬೇಕು. ಬಿಸಿಯಾದ ಬಿಯರ್ ಗ್ಯಾಸ್ ಹಿಡಿದುಕೊಳ್ಳುವುದಿಲ್ಲ, ಪೈಪಿನಲ್ಲೇ ಬಿಟ್ಟುಬಿಡುತ್ತದೆ. ನಿಮ್ಮದು ಎಷ್ಟಿತ್ತು? ಫ್ರೀಜರಿನ ಗಾಳಿಯದ್ದಲ್ಲ. ಲೋಟದಲ್ಲಿ ಹಿಡಿದು ಅಳೆಯಿರಿ. ಮೊದಲ ಲೋಟ ಬಿಟ್ಟು ಎರಡನೆಯದು.

ಎರಡನೆಯದು ಒತ್ತಡ. 30 ಪಿಎಸ್‌ಐ ಯಾಕೆ ಬಿಟ್ಟಿರಿ? ಸಾಮಾನ್ಯ ಲಾಗರ್ ಬಿಯರ್ 3 ಡಿಗ್ರಿಯಲ್ಲಿ 12 ಪಿಎಸ್‌ಐ ಆಸುಪಾಸು ನಿಲ್ಲಬೇಕು. ನಿಮ್ಮ ಧಾರವಾಡ ಸಮುದ್ರಕ್ಕಿಂತ 700 ಮೀಟರಿಗೂ ಎತ್ತರದಲ್ಲಿದೆ, ಹೊರಗಿನ ಗಾಳಿಯ ಭಾರ ಕಡಿಮೆ. ಹಾಗಾಗಿ ಗೇಜಿನಲ್ಲಿ ಒಂದು ಪಿಎಸ್‌ಐ ಜಾಸ್ತಿ ಇಡಿ, 13. ಅಲ್ಲಿಗಿಟ್ಟು ಒಂದು ವಾರ ಮರೆತುಬಿಡಿ. ತನ್ನಷ್ಟಕ್ಕೆ ಗ್ಯಾಸ್ ಕುಡಿದು ಕೂರುತ್ತದೆ.

ಮೂರನೆಯದು ಪೈಪು. ಫೋಟೋ ಹಾಕಿ. ನನಗೆ ಅನುಮಾನ ಅಲ್ಲೇ ಇದೆ.

ಗೋಕುಲ್ ರೋಡ್ ಫಿಟ್ಟರ್

@ಬ್ಯಾಡಗಿ ಖಾರ, ದಯವಿಟ್ಟು ಇಂಥ ಐಡಿಯಾ ಕೊಡಬೇಡ್ರೀ ತಮ್ಮಾ. ಬೆಂಕಿ ಆರಿಸುವ ಸಿಲಿಂಡರಿನೊಳಗೆ ತಳದವರೆಗೆ ಒಂದು ನಳಿಗೆ ಇಳಿಬಿಟ್ಟಿರುತ್ತಾರೆ. ಹ್ಯಾಂಡಲ್ ಒತ್ತಿದರೆ ಗ್ಯಾಸಲ್ಲ, ದ್ರವವೇ ಚಿಮ್ಮಬೇಕು ಅಂತ. ಅದಕ್ಕೆ ರೆಗ್ಯುಲೇಟರ್ ಹಚ್ಚಿದರೆ ದ್ರವ ಒಳನುಗ್ಗಿ ಮಂಜುಗಟ್ಟಿ ರೆಗ್ಯುಲೇಟರ್ ಕೆಡುತ್ತದೆ. ಕೆಟ್ಟ ರೆಗ್ಯುಲೇಟರ್ ಎಷ್ಟು ಒತ್ತಡವನ್ನ ಕೆಗ್ಗಿಗೆ ಬಿಡುತ್ತದೆ ಅಂತ ಹೇಳಕ್ಕಾಗಲ್ಲ. ಅಡುಗೆ ಗ್ಯಾಸಿನ ರೆಗ್ಯುಲೇಟರ್ ಕೂಡ ನಡೆಯುವುದಿಲ್ಲ. ಅದೂ ಒಬ್ಬರು ಕೇಳಿದ್ದರು, ಅದಕ್ಕೇ ಹೇಳಿದೆ.

ಸಪ್ತಾಪುರದವರೇ, ಅಮೆರಿಕದ ರೆಗ್ಯುಲೇಟರಿನ ಥ್ರೆಡ್ಡು ನಮ್ಮ ಸಿಲಿಂಡರಿಗೆ ಕೂರುವುದಿಲ್ಲ. ನೀವು ಹೇಗೆ ಕೂರಿಸಿದಿರಿ? ಲೇತಿನಲ್ಲಿ ಏನಾದರೂ ಮಾಡಿಸಿದಿರಾ? ಸಿಲಿಂಡರಿನ ಕಡೆ 800 ಪಿಎಸ್‌ಐ ಮೇಲೆ ಇರುತ್ತದೆ, ಆಟ ಅಲ್ಲ.

ಸಪ್ತಾಪುರದ ಹುಡುಗ

ಇಲ್ಲ ಫಿಟ್ಟರ್ ಮಾಮಾ, ರೆಡಿಮೇಡ್ ಅಡಾಪ್ಟರ್ ಆನ್‌ಲೈನ್ ತರಿಸಿದ್ದು. ಥ್ರೆಡ್ಡಿಗೆ ಟೆಫ್ಲಾನ್ ಟೇಪು ನಾಲ್ಕು ಸುತ್ತು ಸುತ್ತಿ ಪಾನಾದಿಂದ ಗಟ್ಟಿ ಬಿಗಿ ಮಾಡಿದ್ದೆ.

ಗದಗಣ್ಣ, ಅಳೆದೆ. ಲೋಟದಲ್ಲಿ 11 ಡಿಗ್ರಿ! ಫ್ರೀಜರ್ ಪೂರ್ತಿ ತಿರುಗಿಸಿಟ್ಟರೆ ಎಲ್ಲ ಹೆಪ್ಪುಗಟ್ಟುತ್ತದೆ ಅಂತ ಹೆದರಿ ದಿನಕ್ಕೆ ಎರಡು ತಾಸು ಮಾತ್ರ ಚಾಲೂ ಇಡುತ್ತಿದ್ದೆ. ಪೈಪಿನ ಫೋಟೋ ಹಾಕಿದ್ದೇನೆ. ಒಂದು ಮೀಟರ್ ಇದೆ.

ಗೋಕುಲ್ ರೋಡ್ ಫಿಟ್ಟರ್

ಗ್ಯಾಸ್ ಎಲ್ಲಿ ಹೋಯಿತು ಅಂತ ತಿಳಿಯಿತು. ಅಲ್ಲಿ ಟೆಫ್ಲಾನ್ ಟೇಪಿನದ್ದು ಏನೂ ಕೆಲಸ ಇಲ್ಲ. ಗ್ಯಾಸ್ ತಡೆಯುವುದು ಥ್ರೆಡ್ಡಲ್ಲ, ನಟ್ಟಿನೊಳಗೆ ಕೂರುವ ನೈಲಾನ್ ವಾಶರ್. ಬಿಚ್ಚಿ ನೋಡಿ, ನಿಮ್ಮದರಲ್ಲಿ ವಾಶರೇ ಇರುವುದಿಲ್ಲ. ಅಥವಾ ಹಳೆಯದು ಸೀಳಿರುತ್ತದೆ. ಐದು ರೂಪಾಯಿ ಸಾಮಾನು, ಸಾವಿರ ರೂಪಾಯಿ ಗ್ಯಾಸ್ ತಿನ್ನುತ್ತದೆ.

ಹೊಸ ಸಿಲಿಂಡರ್ ತಂದ ದಿನ ಹೀಗೆ ಮಾಡಿ. ಬಟ್ಟಲಲ್ಲಿ ಪಾತ್ರೆ ಸೋಪು ಕದಡಿ ಬ್ರಶ್ಶಿನಿಂದ ಪ್ರತಿ ಜೋಡಣೆಗೂ ಹಚ್ಚಿ. ಕೆಗ್ಗಿನ ಮುಚ್ಚಳದ ಸುತ್ತ, ಎರಡು ಮೊಳೆಗಳ (ಪೈಪು ಕೂರುವ ಮೂತಿಗಳ) ಬುಡ, ರೆಗ್ಯುಲೇಟರ್ ಎಲ್ಲ. ಸಣ್ಣ ಗುಳ್ಳೆ ಎದ್ದರೆ ಅಲ್ಲೇ ಸೋರಿಕೆ. ಆಮೇಲೆ ಸಿಲಿಂಡರಿನ ವಾಲ್ವ್ ಬಂದ್ ಮಾಡಿ ರಾತ್ರಿ ಬಿಡಿ. ಬೆಳಗ್ಗೆ ಗೇಜಿನ ಮುಳ್ಳು ಇದ್ದಲ್ಲೇ ಇದ್ದರೆ ಪಾಸು. ಆದರೆ ಇದನ್ನ ಕೆಗ್ಗಿನೊಳಗಿನ ಬಿಯರ್ ಗ್ಯಾಸ್ ಕುಡಿದು ಮುಗಿಸಿದ ಮೇಲೆ ಮಾಡಬೇಕು. ಇಲ್ಲವಾದರೆ ಸೋರಿಕೆ ಇಲ್ಲದಿದ್ದರೂ ಮುಳ್ಳು ಇಳಿಯುತ್ತದೆ, ಸುಮ್ನೆ ಗಾಬರಿ.

ಸಿಲಿಂಡರ್ ಫ್ರೀಜರಿನೊಳಗೆ ಇಟ್ಟರೆ ದೊಡ್ಡ ಗೇಜು 550ರ ಹತ್ತಿರ ಇಳಿಯುತ್ತದೆ. ಅದು ಥಂಡಿಗೆ ಇಳಿದದ್ದು, ಗ್ಯಾಸ್ ಮುಗಿದದ್ದಲ್ಲ. ಒಳಗೆ ಒಂದು ಲೋಟ ದ್ರವ ಉಳಿದಿದ್ದರೂ ಗೇಜು ಅಷ್ಟೇ ತೋರಿಸುತ್ತದೆ. ಎಷ್ಟಿದೆ ಅಂತ ತಿಳಿಯಬೇಕಾದರೆ ತಕ್ಕಡಿಯಲ್ಲಿ ತೂಗಬೇಕು. ಖಾಲಿ ತೂಕ ಸಿಲಿಂಡರಿನ ಮೇಲೇ ಕೆತ್ತಿರುತ್ತದೆ. ಪಕ್ಕದಲ್ಲಿ ಟೆಸ್ಟ್ ಮಾಡಿದ ದಿನಾಂಕವನ್ನೂ ನೋಡಿ, ಐದು ವರ್ಷ ದಾಟಿದ್ದನ್ನ ಮನೆಗೆ ತರಬೇಡಿ.

ಫ್ರೀಜರಿಗೆ ಹೊರಗಿನಿಂದ ಒಂದು ಟೆಂಪರೇಚರ್ ಕಂಟ್ರೋಲರ್ ಹಾಕಿ. ಫ್ರೀಜರಿನ ಪ್ಲಗ್ಗು ಅದಕ್ಕೆ, ಅದರ ಪ್ಲಗ್ಗು ಗೋಡೆಗೆ. 3 ಡಿಗ್ರಿಗೆ ಬಂದ್, 4 ದಾಟಿದರೆ ಚಾಲೂ. ಕಂಪ್ರೆಸರ್ ಬಂದ್ ಆಗಿ ಮತ್ತೆ ಹತ್ತಲು ಕನಿಷ್ಠ 3 ನಿಮಿಷ ಅಂತರ ಇಡಿ. ಕರೆಂಟ್ ಹೋಗಿ ತಟ್ಟನೆ ಬಂದಾಗ ಕಂಪ್ರೆಸರ್ ಸುಡುವುದು ಇದರಿಂದ ತಪ್ಪುತ್ತದೆ. ಸೆನ್ಸರ್ ವೈರನ್ನ ಗಾಳಿಯಲ್ಲಿ ನೇತು ಹಾಕಬೇಡಿ. ಕೆಗ್ಗಿನ ಹೊಟ್ಟೆಗೆ ಟೇಪು ಅಂಟಿಸಿ, ಮೇಲೊಂದು ಬಟ್ಟೆ ಮಡಚಿ ಕಟ್ಟಿ.

ಗದಗ ಗಾಳಿ

ಫೋಟೋ ನೋಡಿದೆ. ಅದು ಗೌಂಡಿಗಳ ಲೆವಲ್ ಪೈಪ್ ಅಲ್ವಾ? ಮನೆ ಕಟ್ಟುವಾಗ ನೀರು ತುಂಬಿ ಮಟ್ಟ ನೋಡುವುದು! ನಗು ತಡೆಯಲಾಗಲಿಲ್ಲ, ಕ್ಷಮಿಸಿ. ಕುಡಿಯುವುದಕ್ಕೆ ಮಾಡಿದ ಪ್ಲಾಸ್ಟಿಕ್ ಅಲ್ಲ ಅದು, ವಾಸನೆಯೂ ಬಿಡುತ್ತದೆ. ಅದಕ್ಕಿಂತ ಮುಖ್ಯ, ಒಳಗಿನ ಅಗಲ 8 ಮಿಲಿಮೀಟರ್ ಇದ್ದಂಗೆ ಕಾಣುತ್ತದೆ.

ಡ್ರಾಫ್ಟ್ ಪೈಪಿನ ಕೆಲಸ ಬಿಯರ್ ಸಾಗಿಸುವುದಷ್ಟೇ ಅಲ್ಲ, ಅದಕ್ಕೆ ಕಡಿವಾಣ ಹಾಕುವುದೂ ಹೌದು. ಕೆಗ್ಗಿನಲ್ಲಿ 13 ಪಿಎಸ್‌ಐ, ಲೋಟದಲ್ಲಿ ಸೊನ್ನೆ. ನಡುವಿನ ಒತ್ತಡ ಪೈಪಿನಲ್ಲಿ ಉಜ್ಜಿ ಉಜ್ಜಿ ಸಾವಕಾಶ ಇಳಿಯಬೇಕು. ಅಗಲ ಪೈಪು, ಒಂದೇ ಮೀಟರ್ ಅಂದರೆ ಎಲ್ಲ ಒತ್ತಡ ನಲ್ಲಿಯ ಬಾಯಲ್ಲಿ ಒಮ್ಮೆಲೇ ಇಳಿಯುತ್ತದೆ. ಅದೇ ನೊರೆ. ಒಳಗಡೆ 5 ಮಿಲಿಮೀಟರ್ ಇರುವ ಫುಡ್ ಗ್ರೇಡ್ ಪೈಪ್ 3 ಮೀಟರ್ ತನ್ನಿ. ಸುರುಳಿ ಸುತ್ತಿ ಕೆಗ್ಗಿನ ತಲೆ ಮೇಲೆ ಇಡಿ, ಥಂಡಿಯಲ್ಲೇ ಇರಲಿ. ಉದ್ದ ಜಾಸ್ತಿ ಆಯಿತು ಅಂದರೆ ಕತ್ತರಿಸಬಹುದು, ಕಡಿಮೆ ಆದರೆ ಮತ್ತೆ ಖರ್ಚು.

ನಲ್ಲಿ ಎಳೆಯುವಾಗ ಪೂರ್ತಿ ಎಳೆಯಿರಿ. ಅರ್ಧ ಎಳೆದರೆ ಸಣ್ಣ ಸಂದಿಯಿಂದ ನುಗ್ಗಿ ನೊರೆಯಾಗುತ್ತದೆ. ಹೊಸಬರೆಲ್ಲ ಹೆದರಿ ಅರ್ಧ ಎಳೆಯುತ್ತಾರೆ, ಜಾಸ್ತಿ ನೊರೆ ಬರುತ್ತದೆ, ಇನ್ನೂ ಹೆದರುತ್ತಾರೆ.

ಲೋಟದ ಬಗ್ಗೆಯೂ ಒಂದು ಮಾತು. ಮಿರ್ಚಿ ತಿಂದ ಕೈಯಲ್ಲಿ ಹಿಡಿದ ಲೋಟ, ಎಣ್ಣೆ ಪಾತ್ರೆ ತಿಕ್ಕಿದ ನಾರಿನಲ್ಲೇ ತಿಕ್ಕಿದ ಲೋಟ, ಎರಡೂ ಬಿಯರಿಗೆ ಆಗಿಬರುವುದಿಲ್ಲ. ಮೇಲಿನ ನೊರೆ ಅರ್ಧ ನಿಮಿಷಕ್ಕೆ ಸತ್ತುಹೋಗುತ್ತದೆ, ಗುಳ್ಳೆಗಳು ಗಾಜಿನ ಗೋಡೆಗೆ ಅಂಟಿ ಕೂರುತ್ತವೆ. ಗುಳ್ಳೆ ಅಂಟಿದ ಜಾಗ ಅಂದರೆ ಹೊಲಸು ಇರುವ ಜಾಗ.

ಬ್ಯಾಡಗಿ ಖಾರ

ಇಲ್ಲಿ ಓದಿದ್ದನ್ನ ಫೋನಿನಲ್ಲಿ ಗೆಳೆಯನಿಗೆ ಹೇಳ್ತಿದ್ದೆ, '30 ಪಿಎಸ್‌ಐ ಬೇಡ, 13 ಪಿಎಸ್‌ಐ ಸಾಕು' ಅಂತ. ನಮ್ಮ ಅತ್ತೆ ಅಡುಗೆ ಮನೆಯಿಂದ ಓಡಿ ಬಂದು 'ಏನು ಮಾಡಿಕೊಂಡಿರಿ ಅಳಿಯಂದಿರೇ, ಇಷ್ಟು ಮಂದಿ ಪೊಲೀಸರು ಯಾಕೆ ಬರ್ತಿದ್ದಾರೆ' ಅಂದರು.

ವಿದ್ಯಾನಗರ ಅಕ್ಕ

ಪೊಲೀಸರ ಮಾತು ಬಂತು, ಕೆಗ್ ಬಿಯರ್ ಮನೆಗೆ ಸಿಗುತ್ತಾ ಅನ್ನುವ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಕರ್ನಾಟಕ ಅಬಕಾರಿ ಕಾಯ್ದೆ 1965ರ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವಂತಿಲ್ಲ. ಬಿಯರ್ ಕೂಡ ಮದ್ಯವೇ. 'ಮನೆ ಮಟ್ಟಿಗೆ' ಅಂದರೂ ಬಿಡುವುದಿಲ್ಲ. ನಿಮ್ಮ ಅಣ್ಣ ಅಲ್ಲಿ ಮಾಡಿದ್ದನ್ನ ಇಲ್ಲಿ ಮಾಡಲಿಕ್ಕೆ ಹೋಗಬೇಡಿ. ಮನೆಯಲ್ಲಿ ಎಷ್ಟು ಇಟ್ಟುಕೊಳ್ಳಬಹುದು ಅನ್ನುವುದಕ್ಕೂ ಮಿತಿ ಇದೆ. ಬಾರಿಗೆ ಬರುವ ಕೆಗ್ 30 ಲೀಟರ್, 50 ಲೀಟರ್ ಇರುತ್ತವೆ. ಅಂಥದ್ದನ್ನ ಮನೆಗೆ ತರುವ ಯೋಚನೆ ಇದ್ದರೆ ಮೊದಲು ಅಬಕಾರಿ ಕಚೇರಿಗೆ ಹೋಗಿ ಕೇಳಿ. ಯಾರೋ ಪರಿಚಯದವರು 'ನಡೆಯುತ್ತೆ ತಗೋರಿ' ಅಂದದ್ದನ್ನ ನಂಬಬೇಡಿ.

ಇನ್ನೊಂದು, ನಾನು ರಸಾಯನಶಾಸ್ತ್ರ ಕಲಿಸುವವಳು, ಹೇಳದೆ ಇರಲಾರೆ. ಆ 2 ಕೆಜಿ ಗ್ಯಾಸು ರಾತ್ರಿ ಸೋರಿತಲ್ಲ, ಫ್ರೀಜರ್ ಯಾವ ಕೋಣೆಯಲ್ಲಿತ್ತು? ಒಂದು ಕೆಜಿ ಅಂದರೆ 500 ಲೀಟರಿಗಿಂತ ಜಾಸ್ತಿ ಗ್ಯಾಸು. ಗಾಳಿಗಿಂತ ಒಂದೂವರೆ ಪಟ್ಟು ಭಾರ, ನೆಲದ ಮೇಲೆ ಹಾಸಿಕೊಳ್ಳುತ್ತದೆ. ಕಿಟಕಿ ಮುಚ್ಚಿದ ಸಣ್ಣ ಕೋಣೆಯಲ್ಲಿ ನೆಲದ ಮೇಲೆ ಹಾಸಿಗೆ ಹಾಕಿ ಮಲಗುವವರಿದ್ದರೆ? ಗಾಳಿಯಲ್ಲಿ ಶೇಕಡಾ 4 ಆದರೆ ಜೀವಕ್ಕೇ ಅಪಾಯ.

ಬಿಸಿಲಿಗಂತೂ ಇಡಲೇಬೇಡಿ. ಸಿಲಿಂಡರಿನೊಳಗೆ ಅದು ದ್ರವವಾಗಿರುತ್ತದೆ. 31 ಡಿಗ್ರಿ ದಾಟಿದರೆ ದ್ರವ, ಅನಿಲ ಅನ್ನುವ ಭೇದವೇ ಉಳಿಯುವುದಿಲ್ಲ, ಒತ್ತಡ ಸರ್ರನೆ ಏರುತ್ತದೆ. ಏಪ್ರಿಲ್ ತಿಂಗಳ ಹುಬ್ಬಳ್ಳಿ ಮಧ್ಯಾಹ್ನ ಹೇಗಿರುತ್ತದೆ ಅಂತ ನಾನು ಹೇಳಬೇಕಾಗಿಲ್ಲ. ತುಂಬಿಸಿ ತರುವಾಗ ಕಾರಿನಲ್ಲೇ ಬಿಟ್ಟು ಪೇಟೆ ಸುತ್ತಬೇಡಿ.

ಸಪ್ತಾಪುರದ ಹುಡುಗ

ಅಕ್ಕಾವ್ರೆ, ಹಿತ್ತಿಲ ಪಡಸಾಲೆಯಲ್ಲಿತ್ತು, ಜಾಳಿಗೆ ಕಿಟಕಿ ಇದೆ. ಆದರೂ ನಿಮ್ಮ ಪೋಸ್ಟ್ ಓದಿ ಅವ್ವ ನನ್ನ ಜೊತೆ ಎರಡು ದಿನ ಮಾತು ಬಿಟ್ಟಳು. ಓದಿ ಹೇಳಿದ ನನ್ನದೇ ತಪ್ಪು.

ಮಾಮಾ, ವಾಶರ್ ಇರಲಿಲ್ಲ. ನೀವು ಹೇಳಿದ್ದೇ ಖರೆ.

ಅಬಕಾರಿ ಕಥೆ ಕೇಳಿ ಉತ್ಸಾಹ ಇಳಿದುಹೋಯಿತು. ಇಷ್ಟು ಖರ್ಚು ಮಾಡಿ ಈಗ ಫ್ರೀಜರಿನಲ್ಲಿ ಬಟಾಣಿ ಇಡಬೇಕಾ?

ಗೋಲಿ ಸೋಡಾ ಹಾವೇರಿ

ಬಟಾಣಿ ಯಾಕೆ, ಸೋಡಾ ಇಡಿ. ಆ 19 ಲೀಟರಿನ ಕೆಗ್ ಹುಟ್ಟಿದ್ದೇ ಅದಕ್ಕೆ. ಅಮೆರಿಕದ ತಂಪು ಪಾನೀಯದ ಕಂಪನಿಗಳು ಸಿರಪ್ ತುಂಬಲಿಕ್ಕೆ ಮಾಡಿಸಿದ್ದವು. ಆಮೇಲೆ ಬಿಯರಿನವರು ಎತ್ತಿಕೊಂಡರು.

ನಮ್ಮ ಅಜ್ಜನದು ಸೋಡಾ ಅಂಗಡಿ. ಗೋಲಿ ಬಾಟಲಿ ಕಂಡುಹಿಡಿದದ್ದು ಹಿರಾಮ್ ಕಾಡ್ ಅನ್ನೋ ಇಂಗ್ಲೆಂಡಿನವ, 1872ರಲ್ಲಿ. ಒಳಗಿನ ಗ್ಯಾಸೇ ಗೋಲಿಯನ್ನ ಮೇಲಕ್ಕೆ ಒತ್ತಿ ರಬ್ಬರಿನ ಬಳೆಗೆ ಕೂರಿಸುತ್ತದೆ. ನಿಮ್ಮ ಕೆಗ್ಗಿನ ಮುಚ್ಚಳವೂ ಅದೇ ಲೆಕ್ಕ. ಒಳಗಿನ ಒತ್ತಡವೇ ಅದನ್ನ ಮುಚ್ಚಿ ಹಿಡಿಯುತ್ತದೆ. ಅದಕ್ಕೇ ಒತ್ತಡ ಕಮ್ಮಿ ಇದ್ದಾಗ ಸೋರುತ್ತದೆ, 30 ಬಿಟ್ಟು ಕೂರಿಸಿ ಆಮೇಲೆ ಇಳಿಸಿದರೆ ಸುಮ್ಮನಾಗುತ್ತದೆ.

ಅಜ್ಜ ಹೇಳುತ್ತಿದ್ದದ್ದು, 'ನೀರು ಥಂಡಿ ಇದ್ದರೆ ಗ್ಯಾಸ್ ಕುಡಿಯುತ್ತದೆ, ಬೆಚ್ಚಗಿದ್ದರೆ ಉಗುಳುತ್ತದೆ.' ಬೇಸಿಗೆಯಲ್ಲಿ ನೀರಿಗೆ ಬರ್ಫ್ ಹಾಕಿ ಆಮೇಲೆಯೇ ಮಶೀನಿಗೆ ಹಚ್ಚುತ್ತಿದ್ದರು. ನೀವೂ ಮೊದಲು ನೀರನ್ನ 3 ಡಿಗ್ರಿಗೆ ತನ್ನಿ, ಆಮೇಲೆ ಗ್ಯಾಸ್. ಸೋಡಾಕ್ಕೆ 25 ರಿಂದ 30 ಪಿಎಸ್‌ಐ ಬೇಕು, ಆಗ ನಾಲಿಗೆಗೆ ಚುರುಕ್ ಅನ್ನುತ್ತದೆ. ಅವಸರ ಇದ್ದರೆ ಕೆಗ್ ಅಡ್ಡ ಮಲಗಿಸಿ ತೊಟ್ಟಿಲು ತೂಗಿದಂಗೆ ಹತ್ತು ನಿಮಿಷ ತೂಗಿ, ಗ್ಯಾಸ್ ಒಳಹೋಗುವ ಸಪ್ಪಳ ಕೇಳಿಸುತ್ತದೆ.

ಮುರುಗಲ (ಕೋಕಂ) ಸಿಪ್ಪೆ ಶಿರಸಿ ಕಡೆಯಿಂದ ತರಿಸಿ ಮಾಡಿ ನೋಡಿ. 15 ಲೀಟರಿಗೆ ಸಕ್ಕರೆ ಒಂದೂಕಾಲು ಕೆಜಿ, ಉಪ್ಪು ಸ್ವಲ್ಪ, ಜೀರಿಗೆ ನೀರು. ಮಲ್ ಬಟ್ಟೆಯಲ್ಲಿ ಎರಡು ಸಲ ಸೋಸಲೇಬೇಕು. ನಾರಿನ ಎಳೆ ಒಂದು ಉಳಿದರೂ ಕೆಗ್ಗಿನ ಮೊಳೆಯಲ್ಲಿ ಸಿಕ್ಕಿ ಕೂರುತ್ತದೆ.

ಗದಗ ಗಾಳಿ

ಒಳ್ಳೆ ಐಡಿಯಾ. ಆದರೆ 28 ಪಿಎಸ್‌ಐಗೆ 3 ಮೀಟರ್ ಪೈಪು ಸಾಲುವುದಿಲ್ಲ. 6-7 ಮೀಟರ್ ಬೇಕು, ಇಲ್ಲವೇ ಹರಿವು ತಗ್ಗಿಸುವ ತಿರುಪು ಇರುವ ನಲ್ಲಿ. ಶುಂಠಿ ಮಾಡಿದರೆ ಆ ಪೈಪು, ಆ ರಬ್ಬರ್ ರಿಂಗು ಶುಂಠಿಗೇ ಮೀಸಲು. ವಾಸನೆ ಜನ್ಮಕ್ಕೂ ಹೋಗುವುದಿಲ್ಲ.

ಇನ್ನು ಯಾರೂ ಕೇಳದ ವಿಷಯ, ತೊಳೆಯುವುದು. ನಿಜ ಹೇಳಲಾ? ನಾನು ಬಾರಿನಲ್ಲಿ ಬಿಯರ್ ಹಿಡಿದದ್ದಕ್ಕಿಂತ ಪೈಪ್ ತೊಳೆದದ್ದೇ ಜಾಸ್ತಿ. ಒಂದು ಕಡೆ ಕೆಲಸ ಮಾಡುವಾಗ ಮಾಲೀಕರು ತೊಳೆಯುವ ಪುಡಿಗೆ ದುಡ್ಡು ಬಿಚ್ಚುತ್ತಿರಲಿಲ್ಲ. ಎರಡು ತಿಂಗಳಾದ ಮೇಲೆ ನಲ್ಲಿ ಬಿಚ್ಚಿದೆ. ಒಳಗೆ ಮೂಗಿನ ಸಿಂಬಳದಂಥ ಕಂದು ಲೋಳೆ. ಬಿಯರಿನಲ್ಲಿ ಬೆಣ್ಣೆ ವಾಸನೆ ಇದೆ ಅಂತ ಗಿರಾಕಿಗಳು ಹೇಳುತ್ತಲೇ ಇದ್ದರು. ಮಾಲೀಕರು ಬ್ರ್ಯಾಂಡೇ ಹಾಗೆ ಅಂತ ಸಾಗಹಾಕುತ್ತಿದ್ದರು. ಆ ಬೆಣ್ಣೆ ವಾಸನೆ ಬಂದದ್ದು ಪೈಪಿನಲ್ಲಿ ಬೆಳೆದ ಬ್ಯಾಕ್ಟೀರಿಯಾಗಳಿಂದ. ಇನ್ನೂ ಬಿಟ್ಟರೆ ವಿನೆಗರ್ ಹುಳಿ.

ಎರಡು ವಾರಕ್ಕೊಮ್ಮೆ ಕ್ಷಾರದ ಕ್ಲೀನರ್ ಬಿಡಿ, 15 ನಿಮಿಷ ಪೈಪಿನಲ್ಲಿ ನಿಲ್ಲಿಸಿ, ಆಮೇಲೆ ನೀರು ಬಿಡುತ್ತಲೇ ಇರಿ. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ. ನಲ್ಲಿಯನ್ನೂ ಬಿಚ್ಚಿ ಬ್ರಶ್ ಹಾಕಿ. ಮೂರು ತಿಂಗಳಿಗೊಮ್ಮೆ ಆಮ್ಲದಿಂದ ತೊಳೆಯಿರಿ. ಬಿಯರ್ ಓಡಿದ ಪೈಪಿನಲ್ಲಿ ಕಲ್ಲು ಕಟ್ಟುತ್ತದೆ, ಅದು ಕ್ಷಾರಕ್ಕೆ ಬಗ್ಗುವುದಿಲ್ಲ. ಬೋರಿನ ಗಡಸು ನೀರು ಬಳಸಿದರೆ ಬಿಳಿ ಪದರ ಬೇರೆ.

ವಿದ್ಯಾನಗರ ಅಕ್ಕ

ಬಿಳಿ ಪದರಕ್ಕೆ ಅಡುಗೆಯ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಬಿಸಿನೀರಿಗೆ ಹಾಕಿದರೂ ಸಾಕು. ಆದರೆ ಬ್ಲೀಚಿಂಗ್ ಪುಡಿ, ಬಾತ್‌ರೂಮ್ ಆಸಿಡ್ ಹತ್ತಿರ ತರಬೇಡಿ. ಕ್ಲೋರಿನ್ನಿಗೆ ಸ್ಟೀಲಿನಲ್ಲಿ ಸಣ್ಣ ಸಣ್ಣ ತೂತು ಬೀಳುತ್ತದೆ. ಎರಡೂ ಬೆರೆತರಂತೂ ವಿಷದ ಗಾಳಿ.

ಸಪ್ತಾಪುರದ ಹುಡುಗ

ಏಳು ವಾರ ಆಯಿತು, ಅಪ್‌ಡೇಟ್ ಕೊಡೋಣ ಅಂತ.

ಹೋದ ಭಾನುವಾರ ತಂಗಿಯ ನಿಶ್ಚಿತಾರ್ಥ ಮನೆಯಲ್ಲೇ ಇತ್ತು. ಒಂದು ಕೆಗ್ ಮುರುಗಲ ಸೋಡಾ, ಇನ್ನೊಂದು ನಿಂಬು-ಜೀರಿಗೆ. 28 ಪಿಎಸ್‌ಐ, 5 ಮಿಲಿಮೀಟರ್ ಪೈಪು ಆರೂವರೆ ಮೀಟರ್, ಲೋಟದಲ್ಲಿ ಅಳೆದರೆ 4 ಡಿಗ್ರಿ. ಬೆಳಗ್ಗೆ ಏಳಕ್ಕೇ ಕರೆಂಟ್ ಹೋಯಿತು. ಎದೆ ಧಸಕ್ ಅಂತು. ಮುಚ್ಚಳ ಯಾರೂ ಎತ್ತದಂತೆ ಮೇಲೊಂದು ಅಕ್ಕಿ ಚೀಲ ಇಟ್ಟೆ. ಹನ್ನೆರಡಕ್ಕೆ ಕರೆಂಟ್ ಬಂದಾಗ ಒಳಗೆ 6 ಡಿಗ್ರಿ ಅಷ್ಟೇ. 30 ಲೀಟರ್ ಥಂಡಿ ನೀರೇ ಒಂದು ಬರ್ಫಿನ ಗಡ್ಡೆಯ ಹಾಗೆ ಕೆಲಸ ಮಾಡಿತು.

ಮೊದಲ ಲೋಟ ಮಾತ್ರ ಬರೀ ನೊರೆ, ಅದನ್ನ ನಾನೇ ಕುಡಿದೆ. ಆಮೇಲೆ ಬೀಗರ ಕಡೆಯ ಹುಡುಗರು ನಲ್ಲಿ ಬಿಡಲೇ ಇಲ್ಲ. ಗಂಡಿನ ಸೋದರಮಾವ ಒಬ್ಬರು ನಲ್ಲಿ ನೋಡಿ ಪಕ್ಕಕ್ಕೆ ಕರೆದು ಮೆಲ್ಲಗೆ 'ಆ ಎರಡನೇದರಲ್ಲಿ ಏನಿದೆ?' ಅಂದರು. ನಿಂಬು-ಜೀರಿಗೆ ಅಂದೆ. ಮುಖ ಸಪ್ಪೆ ಮಾಡಿಕೊಂಡು ಎರಡು ಲೋಟ ಕುಡಿದರು.

ಒಂದು ತೊಂದರೆ ಇದೆ. ಸಕ್ಕರೆ ಒಣಗಿ ನಲ್ಲಿಯ ಹಿಡಿ ಅಂಟಿಕೊಳ್ಳುತ್ತಿದೆ. ಬೆಳಗ್ಗೆ ಎಳೆದರೆ ಕಿತ್ತೇ ಬರುತ್ತದೇನೋ ಅನ್ನಿಸುತ್ತದೆ.

ಗದಗ ಗಾಳಿ

ರಾತ್ರಿ ಮಲಗುವ ಮುಂಚೆ ಬಿಸಿನೀರಿನ ಪಿಚಕಾರಿ ನಲ್ಲಿ ಬಾಯಿಗೆ ಎರಡು ಸಲ ಹೊಡೆಯಿರಿ. ಉಳಿದ ಸೋಡಾ ಎಷ್ಟಿದೆ? ಸಕ್ಕರೆ ನೀರು, ಕರೆಂಟ್ ಹೋಗಿ ಒಂದೆರಡು ದಿನ ಬೆಚ್ಚಗಾದರೆ ತಾನೇ ಹುಳಿಯಲಿಕ್ಕೆ ಶುರು ಮಾಡುತ್ತದೆ. ಆಮೇಲೆ ಅಕ್ಕಾವ್ರು 1965ರ ಕಾಯ್ದೆ ತರುತ್ತಾರೆ.

ಸಪ್ತಾಪುರದ ಹುಡುಗ

ಮೂರು ಲೀಟರ್ ಉಳಿದಿದೆ. ನಾಳೆ ಪಕ್ಕದ ಮನೆಯವರಿಗೆ ಹಂಚುತ್ತೇನೆ. ಫಿಟ್ಟರ್ ಮಾಮಾ, ವಾಶರ್ ಎರಡು ಎಕ್ಸ್‌ಟ್ರಾ ಬೇಕಿತ್ತು, ಎಲ್ಲಿ ಸಿಗುತ್ತವೆ?

ಗೋಕುಲ್ ರೋಡ್ ಫಿಟ್ಟರ್

ಶನಿವಾರ ಧಾರವಾಡಕ್ಕೆ ಬರುವ ಕೆಲಸ ಇದೆ, ನಾನೇ ತರುತ್ತೇನೆ. ಆ ಮೂರು ಲೀಟರ್ ಹಂಚಬೇಡಿ.